ಮುರಿಯದ ಬ್ರಿಡ್ಜ್, ಹುಳುಕಾಗುವ ಹಲ್ಲು

ದವಡೆ ಹಲ್ಲೊಂದು ಹೋದರೆ ಅಕ್ಕಪಕ್ಕದ ಹಲ್ಲುಗಳನ್ನು ತುಸು ಅರೆದು, ಅವುಗಳ ಆಸರೆಯಲ್ಲಿ ಬ್ರಿಡ್ಜ್ ಕೂರಿಸುವುದು ಹಳೆಯ ಪದ್ಧತಿ. ಒಳಗೆ ಲೋಹ, ಹೊರಗೆ ಪಿಂಗಾಣಿ. ಲೋಹವೇ ಇಲ್ಲದ ಬ್ರಿಡ್ಜ್ ಅಗಿಯುವ ಹಲ್ಲುಗಳ ಒತ್ತಡ ತಾಳೀತೇ ಎಂಬ ಅನುಮಾನ ವೈದ್ಯರಿಗೂ ಇತ್ತು.

ಆ ಅನುಮಾನವನ್ನು ಬಹುಮಟ್ಟಿಗೆ ನೀಗಿಸಿದ್ದು ಜಿರ್ಕೋನಿಯಾ ಎಂಬ ಗಟ್ಟಿ ಸೆರಾಮಿಕ್. ಇದರಲ್ಲಿ ಬಿರುಕು ಹುಟ್ಟಿದರೆ ಅದರ ತುದಿಯ ಹರಳುಗಳು ರೂಪ ಬದಲಿಸಿ ತುಸು ಹಿಗ್ಗುತ್ತವೆ. ಆ ಹಿಗ್ಗುವಿಕೆಯೇ ಬಿರುಕನ್ನು ಅದುಮಿ ತಡೆಯುತ್ತದೆ. 1975ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಈ ಗುಣವನ್ನು ವಿವರಿಸಿದಾಗ ಅದನ್ನು ಉಕ್ಕಿಗೆ ಹೋಲಿಸಿದ್ದರು.

ಸ್ವಿಟ್ಜರ್ಲೆಂಡಿನ ಜ್ಯೂರಿಚ್ ವಿಶ್ವವಿದ್ಯಾಲಯದ ದಂತವೈದ್ಯರು 45 ಮಂದಿಯ ಹಿಂಬದಿ ಹಲ್ಲುಗಳಿಗೆ ಜಿರ್ಕೋನಿಯಾ ಬ್ರಿಡ್ಜ್ ಕೂರಿಸಿ, ಐದು ವರ್ಷಗಳ ಫಲಿತಾಂಶವನ್ನು 2007ರಲ್ಲಿ ಪ್ರಕಟಿಸಿದರು. ಲೋಹದ ಬದಲು ಜಿರ್ಕೋನಿಯಾದಿಂದ ಮಾಡಿದ ಒಳಚೌಕಟ್ಟಿನ ಯಶಸ್ಸು ಶೇ 97.8. ಆದರೂ ಬಾಯಲ್ಲಿ ಉಳಿದ ಬ್ರಿಡ್ಜ್‌ಗಳು ಶೇ 73.9 ಮಾತ್ರ! ಅಂಚು ಬಿಗಿಯಾಗಿ ಕೂರದ ಕಡೆ ಆಸರೆಯ ಹಲ್ಲೇ ಹುಳುಕಾಗಿತ್ತು, ಶೇ 21.7ರಷ್ಟು ಬ್ರಿಡ್ಜ್‌ಗಳಲ್ಲಿ ಈ ತೊಂದರೆ. ಶೇ 15.2ರಲ್ಲಿ ಮೇಲ್ಪದರದ ಪಿಂಗಾಣಿ ಚಕ್ಕೆ ಎದ್ದಿತ್ತು. ಚೌಕಟ್ಟು ಕೊರೆಯುವ ಯಂತ್ರ ಆಗಿನ್ನೂ ಪ್ರಾಯೋಗಿಕ ಹಂತದಲ್ಲಿತ್ತು ಎಂಬುದನ್ನು ಮರೆಯಬಾರದು.

ಈಗ ಮೇಲ್ಪದರವೇ ಇಲ್ಲದ, ಇಡಿಯಾಗಿ ಜಿರ್ಕೋನಿಯಾದ ಬ್ರಿಡ್ಜ್‌ಗಳು ಬಂದಿವೆ. ಚಕ್ಕೆಯ ಭಯ ಕಡಿಮೆ. ಹುಳುಕಿಗೆ ಮಾತ್ರ ಯಾವ ವಸ್ತುವಿನಲ್ಲೂ ಮದ್ದಿಲ್ಲ. ಆದ್ದರಿಂದ ಬ್ರಿಡ್ಜ್ ಜೊತೆ ಕೊಡುವ ವಾರಂಟಿ ಕಾರ್ಡಿಗಿಂತ ಮೊದಲು ರೋಗಿ ವಿಚಾರಿಸಬೇಕಾದ್ದು ಬೇರೆಯೇ ಇದೆ: ಆಸರೆ ಹಲ್ಲುಗಳ ಬೇರು, ಒಸಡು ಗಟ್ಟಿಯಾಗಿವೆಯೇ? ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ನೈಟ್ ಗಾರ್ಡ್ ಬೇಕೇ? ಬ್ರಿಡ್ಜ್ ಅಡಿಯಲ್ಲಿ ಸಿಕ್ಕಿಕೊಂಡ ಅಗುಳನ್ನು ಸಣ್ಣ ಬ್ರಷ್‌ನಿಂದ ದಿನವೂ ತೆಗೆಯುವುದು ಹೇಗೆ?