ಭೂಪಟದಲ್ಲಿ ದೂರ, ಗೋಳದ ಮೇಲೆ ಹತ್ತಿರ

ನಿಮ್ಮ ಮನೆಯ ಗೋಡೆಯಲ್ಲಿ ಪ್ರಪಂಚದ ಭೂಪಟವಿದೆಯೆ? ಇದ್ದರೆ ಅದರ ಮೇಲಂಚಿನಲ್ಲಿ ಎರಡು ಊರುಗಳನ್ನು ಹುಡುಕಿ. ಒಂದು, ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳ ಲಾಂಗ್‌ಯಿಯರ್‌ಬ್ಯೆನ್. ಇನ್ನೊಂದು, ಅಲಾಸ್ಕಾದ ಉತ್ತರ ತುದಿಯ ಬ್ಯಾರೋ; 2016ರಲ್ಲಿ ಇದರ ಹೆಸರು ಉಟ್ಕಿಯಾಗ್ವಿಕ್ ಎಂದು ಬದಲಾಯಿತು. ಎರಡಕ್ಕೂ ಹೊರ ಊರುಗಳಿಂದ ರಸ್ತೆಯಿಲ್ಲ, ಆದರೆ ವಿಮಾನ ನಿಲ್ದಾಣವಿದೆ. ಇವುಗಳ ನಡುವೆ ವಿಮಾನ ಎಷ್ಟು ದೂರ ಹಾರಬೇಕು?

ತರಗತಿಯಲ್ಲಿ ಈ ಪ್ರಶ್ನೆ ಕೇಳಿದರೆ ಮಕ್ಕಳು ತಡಮಾಡದೆ ಸ್ಕೇಲಿಟ್ಟು ಗೆರೆ ಎಳೆಯುತ್ತಾರೆ. ಮರ್ಕೇಟರ್ 1569ರಲ್ಲಿ ರೂಪಿಸಿದ ಮಾದರಿಯ ಭೂಪಟದಲ್ಲಿ ಆ ಗೆರೆ ಕೆನಡಾದ ದ್ವೀಪಗಳು, ಗ್ರೀನ್‌ಲ್ಯಾಂಡ್‌ಗಳನ್ನು ಹಾದುಹೋಗುತ್ತದೆ. ವಿಮಾನವೂ ಅದೇ ದಾರಿ ಹಿಡಿದರೆ ಸುಮಾರು 5,000 ಕಿ.ಮೀ. ಆದೀತು.

ಈಗ ಗೋಳ ತೆಗೆದುಕೊಳ್ಳಿ. ಎರಡೂ ಊರುಗಳಿಗೆ ತಾಗುವಂತೆ ದಾರವೊಂದನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ದಾರ ಗ್ರೀನ್‌ಲ್ಯಾಂಡಿನ ಗೊಡವೆಗೇ ಹೋಗದೆ ಉತ್ತರ ಧ್ರುವದ ಪಕ್ಕದಲ್ಲೇ ಹಾಯುತ್ತದೆ! ಗೋಳದ ಮೇಲೆ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿ ಇದೇ. ಇದು ಮಹಾವೃತ್ತದ ಒಂದು ತುಂಡು.

ಇದರ ಉದ್ದ ತಿಳಿಯಲು ಕೂಡಿಸುವುದು, ಕಳೆಯುವುದು ಬಂದರೆ ಸಾಕು. ಒಂದು ಊರು 15 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ಇನ್ನೊಂದು 157 ಡಿಗ್ರಿ ಪಶ್ಚಿಮದಲ್ಲಿ. ಕೂಡಿದರೆ 172, 180 ಆಗಿದ್ದರೆ ದಾರ ಸರಿಯಾಗಿ ಧ್ರುವದ ಮೇಲೆಯೇ ಹೋಗುತ್ತಿತ್ತು. ಹಾಗೆಂದೇ ಭಾವಿಸೋಣ. ಲಾಂಗ್‌ಯಿಯರ್‌ಬ್ಯೆನ್‌ನ ಅಕ್ಷಾಂಶ 78 ಡಿಗ್ರಿ 15 ಮಿನಿಟು. ಧ್ರುವಕ್ಕೆ ಉಳಿದದ್ದು 11 ಡಿಗ್ರಿ 45 ಮಿನಿಟು. ಬ್ಯಾರೋದ್ದು 71 ಡಿಗ್ರಿ 17 ಮಿನಿಟು. ಉಳಿದದ್ದು 18 ಡಿಗ್ರಿ 43 ಮಿನಿಟು. ಒಟ್ಟು 30 ಡಿಗ್ರಿ 28 ಮಿನಿಟು, ಅಂದರೆ 1,828 ಮಿನಿಟು. ಒಂದು ಮಿನಿಟಿಗೆ ಒಂದು ನಾಟಿಕಲ್ ಮೈಲಿ, ಅಂದರೆ 1.852 ಕಿ.ಮೀ. (ವಿಮಾನ ಚಾಲಕರು ಇಂದಿಗೂ ಈ ಮೈಲಿಯನ್ನು ಬಿಡದಿರುವುದು ಸುಮ್ಮನೆ ಅಲ್ಲ.) ಗುಣಿಸಿದರೆ 3,385 ಕಿ.ಮೀ.! ಧ್ರುವವನ್ನು ಮುಟ್ಟದೆ ಪಕ್ಕದಲ್ಲಿ ಹೋಗುವುದರಿಂದ ಏಳೆಂಟು ಕಿ.ಮೀ. ಉಳಿಯುತ್ತದೆ. ಭೂಮಿ ಧ್ರುವಗಳಲ್ಲಿ ಚಪ್ಪಟೆಯಾದ್ದರಿಂದ ಅಲ್ಲಿ ಮಿನಿಟಿನ ಉದ್ದ ತುಸು ಹೆಚ್ಚು, ಹದಿನೈದರಷ್ಟು ಕಿ.ಮೀ. ಸೇರುತ್ತದೆ. ಹೇಗೂ 3,390ರ ಆಸುಪಾಸು. ಭೂಪಟದ ಗೆರೆಗಿಂತ 1,600 ಕಿ.ಮೀ. ಕಡಿಮೆ.

ಇಷ್ಟು ವ್ಯತ್ಯಾಸವೆಂದರೆ ಟನ್ನುಗಟ್ಟಲೆ ಇಂಧನ. ಹಿಂದಿನವರಿಗೆ ಅದು ಪ್ರಾಣದ ಪ್ರಶ್ನೆಯೂ ಆಗಿತ್ತು. 1928ರ ಏಪ್ರಿಲಿನಲ್ಲಿ ಹ್ಯೂಬರ್ಟ್ ವಿಲ್ಕಿನ್ಸ್ ಮತ್ತು ಬೆನ್ ಐಲ್ಸನ್ ಒಂದೇ ಎಂಜಿನ್ನಿನ ಪುಟ್ಟ ಲಾಕ್‌ಹೀಡ್ ವೇಗಾ ವಿಮಾನದಲ್ಲಿ ಬ್ಯಾರೋದಿಂದ ಸ್ವಾಲ್ಬಾರ್ಡಿಗೆ ಹೊರಟರು. ಕೆಳಗೆ ಬರೀ ಹಿಮ. ಆ ಭಾಗದಲ್ಲಿ ದಿಕ್ಸೂಚಿಯ ಮುಳ್ಳನ್ನು ನಂಬುವಂತಿಲ್ಲ. ಸೂರ್ಯನ ಎತ್ತರ ಅಳೆದು ಮತ್ತೆ ಮತ್ತೆ ದಿಕ್ಕು ತಿದ್ದಿಕೊಳ್ಳಬೇಕು. ಇಪ್ಪತ್ತು ತಾಸಿಗೂ ಹೆಚ್ಚು ಹಾರಿ, ಸುಮಾರು 3,500 ಕಿ.ಮೀ. ದಾಟಿ, ಬಿರುಗಾಳಿಗೆ ಸಿಕ್ಕಿ ನಿರ್ಜನ ನೆಲವೊಂದರಲ್ಲಿ ಇಳಿದರು. ಗಾಳಿ ನಿಲ್ಲಲು ಐದು ದಿನ ಕಾದು, ಕೊನೆಗೆ ಜನರಿರುವ ಜಾಗ ಸೇರಿಕೊಂಡರು.

ನಮ್ಮೂರಿನ ಲೆಕ್ಕವೂ ಒಂದಿದೆ. 2021ರ ಜನವರಿಯಲ್ಲಿ ಸ್ತ್ರೀಯರೇ ನಡೆಸಿದ ಏರ್ ಇಂಡಿಯಾ ವಿಮಾನ ಸ್ಯಾನ್‌ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿ ಬೆಂಗಳೂರಿಗೆ ಬಂತು. ಮೇಲಿನ ವಿಧಾನದಿಂದ ಈ ದೂರವನ್ನೂ ಲೆಕ್ಕ ಹಾಕಿ ನೋಡಿ. ಸ್ಯಾನ್‌ಫ್ರಾನ್ಸಿಸ್ಕೋ 37.6, ಬೆಂಗಳೂರು 13.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಉತ್ತರ 14,300 ಕಿ.ಮೀ. ದಾಟುತ್ತದೆ. ನಿಜವಾದ ಕನಿಷ್ಠ ದೂರ 14,000ದ ಹತ್ತಿರ. ಈ 300 ಕಿ.ಮೀ. ಎಲ್ಲಿಂದ ಬಂತೆಂದು ತಿಳಿಯಲು ಎರಡೂ ಊರುಗಳ ರೇಖಾಂಶ ಹುಡುಕಿ. ಅವು ಎದುರುಬದುರು ಇವೆಯೇ ಎಂದು ನೋಡಿ.