ಒಂದೇ ನದಿ, ಎರಡು ಅಳತೆಗೋಲು: ಮಹದಾಯಿ ವಾದದಲ್ಲಿ ‘ನಮ್ಮವರು’

ನಾವು ಏನನ್ನ ನಂಬ್ತೀವಿ ಅನ್ನೋದರಲ್ಲಿ ನಮ್ಮ ಗುಂಪಿನ ಕೈವಾಡ ಇರುತ್ತದೆ ಅನ್ನೋದು ಹೊಸ ಮಾತಲ್ಲ. ನನ್ನ ವಾದ ಇನ್ನೊಂದು ಹೆಜ್ಜೆ ಮುಂದಿನದು: ಎಷ್ಟು ಪುರಾವೆ ಸಾಕು ಅನ್ನೋದನ್ನೂ ಗುಂಪೇ ತೀರ್ಮಾನಿಸುತ್ತದೆ. ಗೋವಾದಲ್ಲಿ ಕೂತು ಇದನ್ನ ಮಾತಾಡೋ ನಮಗೆ ಮಹದಾಯಿಗಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ನದಿ ಹುಟ್ಟೋದು ಖಾನಾಪುರ ತಾಲ್ಲೂಕಿನಲ್ಲಿ. ಮಾಂಡವಿ ಅನ್ನೋ ಹೆಸರಲ್ಲಿ ಪಣಜಿಯ ಹತ್ತಿರ ಸಮುದ್ರ ಸೇರುತ್ತದೆ. ಇದು ಎರಡೂ ಕಡೆಯವರು ಒಪ್ಪಿದ ಸಂಗತಿ. ಆದರೆ ನರಗುಂದ, ನವಲಗುಂದದ ರೈತರಿಗೆ ಅದು ‘ವ್ಯರ್ಥ’ವಾಗಿ ಹೋಗೋ ನೀರು. ಕಳಸಾ, ಬಂಡೂರಿ ಹಳ್ಳಗಳನ್ನ ಮಲಪ್ರಭೆಗೆ ತಿರುಗಿಸಿ ಅಂತ ಅವರು 2015ರಲ್ಲಿ ಧರಣಿ ಕೂತರು. ಗೋವಾದವರಿಗೆ ಅದೇ ಹರಿವು ಉಪ್ಪುನೀರು ಒಳನುಗ್ಗದಂತೆ ತಡೆಯೋ ಬಲ. ಖಾಜನ್ ಗದ್ದೆ (ನಮ್ಮ ಉತ್ತರ ಕನ್ನಡದ ಗಜನಿಯ ಹಾಗೇ), ಕಾಂಡ್ಲಾ ಕಾಡು, ಮೀನು, ಎಲ್ಲಕ್ಕೂ ಅದು ಬೇಕು. ಗಮನಿಸಿ, ಇಲ್ಲಿ ಯಾರೂ ಸುಳ್ಳು ಹೇಳ್ತಾ ಇಲ್ಲ.

ಮನಶ್ಶಾಸ್ತ್ರಜ್ಞ ಥಾಮಸ್ ಗಿಲೊವಿಚ್ ಇದನ್ನ ಸರಳವಾಗಿ ವಿವರಿಸಿದ್ದಾರೆ. ನಮಗೆ ಬೇಕಾದ ಮಾತು ಬಂದಾಗ ‘ಇದನ್ನ ನಂಬಬಹುದಾ?’ ಅಂತ ಕೇಳ್ಕೋತೀವಿ, ಬೇಡವಾದದ್ದು ಬಂದಾಗ ‘ನಂಬಲೇಬೇಕಾ?’ ಅಂತ. ಮೊದಲನೆಯದಕ್ಕೆ ಒಂದು ಕಾರಣ ಸಿಕ್ಕರೆ ಸಾಕು. ಎರಡನೆಯದಕ್ಕೆ ಒಂದು ಲೋಪ ಸಿಕ್ಕರೆ ಸಾಕು.

ಇದು ಚೆನ್ನಾಗಿ ಕಾಣೋದು ನ್ಯಾಯಮಂಡಳಿಯ ವಿಷಯದಲ್ಲಿ. 2018ರ ಆಗಸ್ಟ್ 14ರ ತೀರ್ಪು ಕರ್ನಾಟಕಕ್ಕೆ 13.42 ಟಿಎಂಸಿ, ಗೋವಾಕ್ಕೆ 24 ಟಿಎಂಸಿ ಕೊಟ್ಟಿತು. ‘ತೀರ್ಪು ಬಂದಾಯ್ತು, ಕೆಲಸ ಶುರು ಮಾಡೋಕೆ ಬಿಡಿ’ ಅಂತ ನಮ್ಮವರು ಹೇಳ್ತಾರೆ. ಸರಿ, 1991ರಲ್ಲಿ ಕಾವೇರಿ ಮಧ್ಯಂತರ ಆದೇಶ ಬಂದಾಗ? ಅದನ್ನ ತಪ್ಪಿಸೋಕೆ ಇದೇ ಕರ್ನಾಟಕ ಸುಗ್ರೀವಾಜ್ಞೆ ಹೊರಡಿಸಿತ್ತು. ಅದು ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ ಹೇಳಬೇಕಾಯ್ತು. ಗೋವಾ ಏನೂ ಕಡಿಮೆಯಿಲ್ಲ. ನ್ಯಾಯಮಂಡಳಿ ಬೇಕೇ ಬೇಕು ಅಂತ ಪಟ್ಟು ಹಿಡಿದದ್ದು ಗೋವಾ, ತೀರ್ಪು ಒಪ್ಪದೆ ಸುಪ್ರೀಂ ಕೋರ್ಟಿಗೆ ಹೋದದ್ದೂ ಗೋವಾ. (ಪಾಲು ಸಾಲದು ಅಂತ ಕರ್ನಾಟಕವೂ ಹೋಗಿದೆ, ಅದು ಬೇರೆ ಮಾತು.)

ನನಗೆ ಹೆಚ್ಚು ಕುತೂಹಲ ಇರೋದು ದುಡಿಯೋಕೆ ಇಲ್ಲಿಗೆ ಬಂದ ಉತ್ತರ ಕರ್ನಾಟಕದವರ ಬಗ್ಗೆ. ಪಣಜಿಯಲ್ಲಿ ಅವರ ನಲ್ಲಿಗೆ ಬರೋದು ಓಪಾದ ನೀರು, ಅಂದರೆ ಮಾಂಡವಿಯ ಉಪನದಿ ಖಾಂಡೇಪಾರಿನದು. ಊರಿನ ಹೊಲಕ್ಕೆ ಬೇಕಾದದ್ದು ಮಲಪ್ರಭೆ. ಇವರಿಗೆ ‘ನಮ್ಮವರು’ ಎರಡು ಕಡೆ ಇದ್ದಾರೆ. ಊರಿಗೆ ಫೋನ್ ಮಾಡಿದಾಗ ಒಂದು ಕಾರಣ, ಇಲ್ಲಿಯ ಮನೆ ಮಾಲೀಕರ ಮುಂದೆ ಇನ್ನೊಂದು ಕಾರಣ ಹೇಳಿದರೆ ಅದನ್ನ ಬೂಟಾಟಿಕೆ ಅಂತ ಬರೆದುಕೊಂಡು ಮುಂದೆ ಹೋಗಬೇಡಿ. ಯಾರ ಮುಂದೆ ಯಾವ ಕಾರಣ ಅಂತ ಪಟ್ಟಿ ಮಾಡಿ. ಕ್ಷೇತ್ರಕಾರ್ಯ ಅಲ್ಲಿಂದ ಶುರುವಾಗಲಿ ಅನ್ನೋದು ನನ್ನ ಸಲಹೆ. ಪ್ರಶ್ನೆಗಳಿದ್ದರೆ ಕೇಳಿ.