ಒಂದು ಸಲದ ಭಯ, ಲಕ್ಷ ಸಲದ ಅಪಾಯ

ಐವತ್ತು ಅಡಿ ಎತ್ತರದ ಅಡಿಕೆ ಮರದ ತುದಿಯಲ್ಲಿ ಕೈ ಜಾರಿದರೆ ನೆಲ ಮುಟ್ಟಲು ಹಿಡಿಯುವ ಸಮಯ 1.76 ಸೆಕೆಂಡು. ಕೂಗಿಕೊಳ್ಳಲೂ ಅದು ಸಾಲದು. ನೆಲಕ್ಕೆ ಬಡಿಯುವ ಹೊತ್ತಿಗೆ ಆ ದೇಹದ ವೇಗ ಗಂಟೆಗೆ 62 ಕಿಲೋಮೀಟರ್.

ಈಗ ಹದಿಮೂರು ಸಾವಿರ ಅಡಿ ಮೇಲೆ ಹಾರುತ್ತಿರುವ ವಿಮಾನದಿಂದ ಧುಮುಕುವವನನ್ನು ನೋಡಿ. ಅವನ ವೇಗ ಗಂಟೆಗೆ ಸುಮಾರು 200 ಕಿಲೋಮೀಟರ್‌ಗೆ ಏರುತ್ತದೆ. ಆದರೆ ಅವನ ಕೈಯಲ್ಲಿ ಸುಮಾರು ಅರುವತ್ತು ಸೆಕೆಂಡು ಇದೆ. ಬೆನ್ನಿನ ಮೇಲೆ ಒಂದಲ್ಲ, ಎರಡು ಪ್ಯಾರಾಚೂಟ್ ಇವೆ. ನಡುವೆ ಅವನಿಗೆ ಪ್ರಜ್ಞೆ ತಪ್ಪಿದರೂ ಎರಡನೆಯ ಪ್ಯಾರಾಚೂಟನ್ನು ತಾನಾಗಿಯೇ ಬಿಚ್ಚುವ ಪುಟ್ಟ ಯಂತ್ರವಿದೆ. 2023ರಲ್ಲಿ ಅಮೆರಿಕದಲ್ಲಿ ಇಂಥ ಧುಮುಕುಗಳು ನಡೆದದ್ದು ಸುಮಾರು 36.5 ಲಕ್ಷ. ಸತ್ತವರು ಹತ್ತು ಮಂದಿ. ಅಂದರೆ 3,65,000 ಧುಮುಕಿಗೆ ಒಂದು ಸಾವು.

ಪುತ್ತೂರು, ಸುಳ್ಯ, ಕಡಬದಲ್ಲಿ ಆಕಾಶದಿಂದ ಧುಮುಕುವವರು ಯಾರೂ ಇಲ್ಲ. ಆದರೆ ಈ ಮೂರು ತಾಲ್ಲೂಕುಗಳಲ್ಲಿ ಪ್ರತಿದಿನ ಸಾವಿರಾರು ಸಲ ಯಾರೋ ಒಬ್ಬರು ಕಾಲಿಗೆ ತಳೆ ಹಾಕಿ ಅಡಿಕೆ ಮರ ಏರುತ್ತಾರೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಲು, ಆಮೇಲೆ ಅಡಿಕೆ ತೆಗೆಯಲು. ಇವರಿಗೆ ಎರಡನೆಯ ಪ್ಯಾರಾಚೂಟೂ ಇಲ್ಲ, ಮೊದಲನೆಯದೂ ಇಲ್ಲ.

ಅಪಾಯವನ್ನು ಅಳೆಯಲು ಒಂದು ಅಳತೆಗೋಲಿದೆ. ಸ್ಟ್ಯಾನ್‌ಫರ್ಡ್‌ನ ರೊನಾಲ್ಡ್ ಹೊವಾರ್ಡ್ ರೂಪಿಸಿದ ಅದರ ಹೆಸರು ಮೈಕ್ರೊಮಾರ್ಟ್. ಹತ್ತು ಲಕ್ಷದಲ್ಲಿ ಒಂದು ಪಾಲು ಸಾಯುವ ಸಾಧ್ಯತೆ ಎಂದರೆ ಒಂದು ಮೈಕ್ರೊಮಾರ್ಟ್. ಮೇಲಿನ ಲೆಕ್ಕದಲ್ಲಿ ಒಂದು ಸಲ ಆಕಾಶದಿಂದ ಧುಮುಕುವುದಕ್ಕೆ 2.7 ಮೈಕ್ರೊಮಾರ್ಟ್. ಅಡಿಕೆ ಮರವನ್ನು ಒಂದು ಸಲ ಏರುವುದರಲ್ಲಿ ಇದರ ಅರ್ಧಕ್ಕಿಂತಲೂ ಕಡಿಮೆ, ಬರೇ ಒಂದು ಮೈಕ್ರೊಮಾರ್ಟ್ ಅಪಾಯವಿದೆ ಎಂದು ಲೆಕ್ಕಕ್ಕಾಗಿ ಹಿಡಿಯೋಣ. ದಿನಕ್ಕೆ ಅರುವತ್ತು ಮರ, ವರ್ಷಕ್ಕೆ ನೂರು ದಿನ, ಮೂವತ್ತು ವರ್ಷದ ದುಡಿಮೆ. ಗುಣಿಸಿದರೆ 1,80,000 ಏರು. ಹತ್ತು ಲಕ್ಷಕ್ಕೆ ಒಂದರಂತೆ ಇಷ್ಟು ಸಲ ಏರಿದವರಲ್ಲಿ ಸರಾಸರಿ ಆರಕ್ಕೆ ಒಬ್ಬರು ಮರದಿಂದ ಬಿದ್ದೇ ಸಾಯುತ್ತಾರೆ. ಅಪಾಯ ಅದರ ಹತ್ತನೇ ಒಂದು ಪಾಲು, ಕೋಟಿಗೆ ಒಂದು ಎಂದುಕೊಂಡರೂ ಐವತ್ತಾರಕ್ಕೆ ಒಬ್ಬರು. ಆಕಾಶದಿಂದ ಧುಮುಕುವವರಲ್ಲಿ ಹೆಚ್ಚಿನವರು ಬದುಕಿನಲ್ಲಿ ಒಂದೇ ಸಲ ಧುಮುಕಿ, ಫೋಟೊ ತೆಗೆಸಿಕೊಂಡು ಮನೆಗೆ ಹೋಗುತ್ತಾರೆ. ನಮ್ಮ ತೋಟದಲ್ಲಿ ಬೆಳಿಗ್ಗೆ ಕೆಲಸ ಶುರು ಮಾಡಿದವರು ಚಹಾದ ಹೊತ್ತಿಗೆ ಅಷ್ಟು ಅಪಾಯವನ್ನು ದಾಟಿರುತ್ತಾರೆ.

ನಾವು ಭಯಪಡುವುದು ಒಂದು ಸಲ ಎಷ್ಟು ಭೀಕರವಾಗಿ ಕಾಣುತ್ತದೆ ಎಂಬುದಕ್ಕೆ. ಜೀವ ಹೋಗುವುದು ಎಷ್ಟು ಸಲ ಮಾಡುತ್ತೇವೆ ಎಂಬುದರಿಂದ. ಈ ಎರಡು ಲೆಕ್ಕಗಳು ಎಷ್ಟು ದೂರ ದೂರ ಇವೆ ಎಂಬುದಕ್ಕೆ ನಮ್ಮ ಊರಿನ ಒಂದೇ ಮಳೆಗಾಲ ಸಾಕ್ಷಿ.

2022ರ ಜೂನ್ ಕೊನೆಯಲ್ಲಿ ಸುಳ್ಯ–ಕೊಡಗು ಗಡಿಯ ಸಂಪಾಜೆ, ಚೆಂಬು ಸುತ್ತ ಭೂಮಿ ಮತ್ತೆ ಮತ್ತೆ ನಡುಗಿತು. ಪಾತ್ರೆಗಳು ಅಲುಗಿದವು, ಜನ ಅಂಗಳಕ್ಕೆ ಓಡಿದರು. ಜೂನ್ 28ರ ಕಂಪನದ ತೀವ್ರತೆ 3.0. ಭೂಕಂಪದ ಮಾಪಕದಲ್ಲಿ ಒಂದು ಅಂಕ ಏರಿದರೆ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. 2001ರಲ್ಲಿ ಗುಜರಾತಿನ ಭುಜ್ ಅನ್ನು ನೆಲಸಮ ಮಾಡಿದ ಭೂಕಂಪದ ತೀವ್ರತೆ 7.7. ಅಂದರೆ ಸಂಪಾಜೆಯಂಥ ಕಂಪನ ಒಂದು ಕೋಟಿಗೂ ಹೆಚ್ಚು ಸಲ ಸೇರಿದರೆ ಒಂದು ಭುಜ್. ಆ ಕಂಪನಗಳಿಂದ ಸುಳ್ಯ ಸೀಮೆಯಲ್ಲಿ ಒಂದು ಜೀವವೂ ಹೋಗಲಿಲ್ಲ. ಅದಾಗಿ ಐದು ವಾರ ಕಳೆದು, ಆಗಸ್ಟ್ 1ರ ರಾತ್ರಿ ಸುಬ್ರಹ್ಮಣ್ಯದಲ್ಲಿ ಮಳೆಗೆ ಗುಡ್ಡ ಜರಿದು ಮನೆಯ ಮೇಲೆ ಬಿತ್ತು. ಇಬ್ಬರು ಪುಟ್ಟ ಹೆಣ್ಣುಮಕ್ಕಳು ತೀರಿಕೊಂಡರು. ಮಳೆ ನಮಗೆ ಪ್ರತಿ ವರ್ಷದ ನೆಂಟ, ಹಾಗಾಗಿ ಅದರ ಭಯ ಹೋಗಿಬಿಟ್ಟಿದೆ. ಮನೆಯ ಹಿಂದಿನ ಧರೆ ಕಡಿಯುವಾಗ ಮಾಡಬೇಕಾದ ಲೆಕ್ಕವನ್ನು ನಾವು ಮಾಡುವುದಿಲ್ಲ.

ಇನ್ನೊಂದು ಸಂಖ್ಯೆ ಈ ಜಿಲ್ಲೆಯ ಯಾರೂ ಮರೆಯುವಂಥದಲ್ಲ. 2010ರ ಮೇ 22ರ ಬೆಳಿಗ್ಗೆ ಮಂಗಳೂರಿನ ಬಜ್ಪೆಯಲ್ಲಿ ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕಮರಿಗೆ ಬಿತ್ತು. ಸತ್ತವರು 158. ಆಮೇಲೆ ಎಷ್ಟೋ ಮನೆಗಳಲ್ಲಿ ವಿಮಾನ ಹತ್ತುವಾಗ ದೇವರಿಗೆ ಹರಕೆ ಹೊತ್ತವರಿದ್ದಾರೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491. ದಿನಕ್ಕೆ 462. ಬಜ್ಪೆಯ ಆ ವಿಮಾನ ದಿನಕ್ಕೆ ಹತ್ತಿರ ಹತ್ತಿರ ಮೂರರಂತೆ, ಭಾನುವಾರವೂ ಬಿಡದೆ, ವರ್ಷವಿಡೀ ಬಿದ್ದಷ್ಟು.

ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಬ್ರಿಟನ್ನಿನ ರಸ್ತೆಗಳ ಲೆಕ್ಕದಲ್ಲಿ ಬೈಕಿನಲ್ಲಿ ಸುಮಾರು ಹತ್ತು ಕಿಲೋಮೀಟರ್ ಹೋದರೆ ಒಂದು ಮೈಕ್ರೊಮಾರ್ಟ್. ಪುತ್ತೂರಿನಿಂದ ಸುಳ್ಯಕ್ಕೆ ಮೂವತ್ತೈದು ಕಿಲೋಮೀಟರಿಗೂ ಹೆಚ್ಚು. ಎಂದರೆ ಅಚ್ಚುಕಟ್ಟಾದ ಬ್ರಿಟನ್ ರಸ್ತೆಯಲ್ಲಿಯೇ ಇಷ್ಟು ದೂರ ಬೈಕಿನಲ್ಲಿ ಒಂದು ಸಲ ಹೋಗುವುದು, ಹದಿಮೂರು ಸಾವಿರ ಅಡಿಯಿಂದ ಒಂದು ಸಲ ಧುಮುಕುವುದಕ್ಕಿಂತ ಹೆಚ್ಚು ಅಪಾಯದ್ದು. ಮಾಣಿ–ಮೈಸೂರು ಹೆದ್ದಾರಿಯ ತಿರುವು, ಮಳೆ, ಎದುರಿನಿಂದ ಬರುವ ಲಾರಿ ಯಾವುದೂ ಆ ಲೆಕ್ಕದಲ್ಲಿಲ್ಲ.

ಕಡಬದವರ ಮನಸ್ಸಿನಲ್ಲಿ ಈಗ ಮೊದಲು ಬರುವ ಭಯ ಆನೆಯದು. ಅದಕ್ಕೆ ಕಾರಣವಿದೆ. 2023ರ ಫೆಬ್ರುವರಿ 20ರ ಬೆಳಿಗ್ಗೆ ರೆಂಜಿಲಾಡಿಯಲ್ಲಿ ಹಾಲಿನ ಸೊಸೈಟಿಯ ಕೆಲಸಕ್ಕೆ ಹೊರಟಿದ್ದ ಯುವತಿಯನ್ನೂ, ಅವಳ ಕೂಗು ಕೇಳಿ ಓಡಿಬಂದ ಒಬ್ಬರನ್ನೂ ಆನೆ ಕೊಂದಿತು. ಊರೇ ರಸ್ತೆಗಿಳಿಯಿತು, ಸಾಕಾನೆಗಳು ಬಂದವು, ಕೆಲವೇ ದಿನಗಳಲ್ಲಿ ಒಂದು ಆನೆಯನ್ನು ಹಿಡಿದರು. ಆ ಸಿಟ್ಟು ನ್ಯಾಯದ್ದೇ. ಇಡೀ ದೇಶದಲ್ಲಿ ವರ್ಷಕ್ಕೆ ಆನೆಯಿಂದ ಸಾಯುವವರು ಸುಮಾರು 600. ಹಾವು ಕಚ್ಚಿ ಸಾಯುವವರು ಸುಮಾರು 58,000. ನೂರು ಪಟ್ಟು ಹತ್ತಿರ. ದಿನದ ಲೆಕ್ಕ ಹಾಕಿದರೆ 159. ಬಜ್ಪೆಯ ವಿಮಾನ ದಿನಕ್ಕೊಂದು. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಒಟ್ಟು 12 ಲಕ್ಷ. ಇವರಲ್ಲಿ ನೂರಕ್ಕೆ 94 ಮಂದಿ ಹಳ್ಳಿಯವರು, ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನೂರಕ್ಕೆ 77 ಮಂದಿ ಆಸ್ಪತ್ರೆಯ ಹೊರಗೇ ತೀರಿಕೊಂಡವರು.

ಕೊನೆಯ ಆ ಸಂಖ್ಯೆಯೇ ನನ್ನನ್ನು ಹೆಚ್ಚು ಕಾಡುವುದು. ಆನೆಯ ಎದುರು ಒಬ್ಬ ಮನುಷ್ಯ ಮಾಡಬಹುದಾದದ್ದು ಕಡಿಮೆ. ಹಾವಿನ ವಿಷಯದಲ್ಲಿ ಮಾಡಬಹುದಾದದ್ದು ಬಹಳ: ತೋಟಕ್ಕೆ ಗಂಬೂಟು, ಕತ್ತಲಾದ ಮೇಲೆ ಟಾರ್ಚು, ನೆಲದ ಬದಲು ಮಂಚದ ಮೇಲೆ ಹಾಸಿಗೆ, ಸುತ್ತ ಸಿಕ್ಕಿಸಿದ ಸೊಳ್ಳೆಪರದೆ. ಕಟ್ಟುಹಾವು ಕಚ್ಚುವುದು ಹೆಚ್ಚಾಗಿ ರಾತ್ರಿ, ನೆಲದಲ್ಲಿ ಮಲಗಿದವರಿಗೆ. ಕಚ್ಚಿದ ಮೇಲೆ ಬಿಗಿಯಾಗಿ ಕಟ್ಟು ಹಾಕದೆ, ಗಾಯ ಕೊಯ್ಯದೆ, ನಾಟಿ ಮದ್ದಿಗೆ ಹೊತ್ತು ಕಳೆಯದೆ, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ನೇರವಾಗಿ ಹೋಗುವುದು. ಕರ್ನಾಟಕ ಸರಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಎಂದು ಘೋಷಿಸಿತು. ಲೆಕ್ಕ ಇಡಲು ಶುರು ಮಾಡಿದ್ದೇ ಒಂದು ದೊಡ್ಡ ಮುನ್ನೆಚ್ಚರಿಕೆ.

ಈಗ ಮನೆಯೊಳಗೆ ಬರೋಣ. ಗುಡ್ಡೆಯ ಮೇಲೊಂದು, ಬೈಲಿನಲ್ಲೊಂದು ಎಂಬಂತೆ ಒಂಟಿ ಮನೆಗಳಿರುವ ನಾಡು ಇದು. ಕಳ್ಳರ ಭಯಕ್ಕೆ ನಾಯಿ, ಸಿ.ಸಿ. ಕ್ಯಾಮೆರಾ, ಕಿಟಕಿಗೆ ದಪ್ಪ ಸರಳು. ಬೆಳೆ ಕಾಯಲು ಪರವಾನಗಿ ಪಡೆದ ಕೋವಿಯೂ ಹಲವು ಮನೆಗಳಲ್ಲಿದೆ. ಚುನಾವಣೆ ಬಂದಾಗ ಅದನ್ನು ಠಾಣೆಯಲ್ಲಿ ಇಟ್ಟು ಬರಬೇಕು. ಸಂಪಾಜೆ ದಾಟಿ ಕೊಡಗಿಗೆ ಕಾಲಿಟ್ಟರೆ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯೇ ಬೇಡ. ಆ ವಿನಾಯಿತಿ 2029ರವರೆಗೆ ಮುಂದುವರಿದಿದೆ. ಹಂದಿ, ಮಂಗಗಳ ಕಾಟಕ್ಕೆ ಕೋವಿ ಬೇಕು ಎನ್ನುವ ರೈತರ ಮಾತು ನನಗೆ ಅರ್ಥವಾಗುತ್ತದೆ. ಆದರೆ ಮನೆಯವರ ರಕ್ಷಣೆಗೆ ಅದು ಎಷ್ಟು ಒದಗುತ್ತದೆ?

ಅಮೆರಿಕದ ಸಿಯಾಟಲ್ ನಗರವಿರುವ ಕಿಂಗ್ ಕೌಂಟಿಯಲ್ಲಿ 1978ರಿಂದ 1983ರವರೆಗಿನ ಲೆಕ್ಕವನ್ನು ಇಬ್ಬರು ವೈದ್ಯರು 1986ರಲ್ಲಿ ಪ್ರಕಟಿಸಿದರು. ಕೋವಿ ಇದ್ದ ಮನೆಯೊಳಗೇ ಗುಂಡಿಗೆ ಬಲಿಯಾದವರು 398. ಅವರಲ್ಲಿ ಒಳನುಗ್ಗಲು ಬಂದವರು ಇಬ್ಬರು. ಆತ್ಮರಕ್ಷಣೆಗಾಗಿ ಹಾರಿಸಿದ ಗುಂಡಿಗೆ ಸತ್ತವರು ಇನ್ನು ಏಳು. ಉಳಿದವರಲ್ಲಿ ಬಹುಪಾಲು ಜನ ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡವರು. ರಕ್ಷಣೆಗಾಗಿ ಆದ ಒಂದು ಸಾವಿಗೆ ಆತ್ಮಹತ್ಯೆ, ಕೊಲೆ, ಅಕಸ್ಮಾತ್ ಸೇರಿ 43 ಸಾವು.

ನಮ್ಮ ಮನೆಗಳಲ್ಲಿ ಕೋವಿಗಿಂತ ಕೈಗೆ ಬೇಗ ಸಿಗುವುದು ಕೊಟ್ಟಿಗೆಯ ಮೂಲೆಯಲ್ಲಿರುವ ಕಳೆನಾಶಕ, ಕೀಟನಾಶಕದ ಬಾಟಲಿ. 2022ರಲ್ಲಿ ಭಾರತದಲ್ಲಿ ದಾಖಲಾದ ಕೊಲೆ ಪ್ರಕರಣಗಳು 28,522. ಆತ್ಮಹತ್ಯೆ ಮಾಡಿಕೊಂಡವರು 1,70,924. ಆರು ಪಟ್ಟು. ಬಾಗಿಲಿಗೆ ಬೀಗ ಹಾಕಿ ಹೊರಗಿಟ್ಟ ಅಪಾಯಕ್ಕಿಂತ ಒಳಗೆ ಉಳಿದದ್ದು ಅಷ್ಟು ದೊಡ್ಡದು. ಇದಕ್ಕೆ ದಾರಿ ಇಲ್ಲ ಎಂದು ಕೈ ಚೆಲ್ಲಬೇಕಾಗಿಲ್ಲ. ಶ್ರೀಲಂಕಾ ಕಡು ವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿತು. ಇಪ್ಪತ್ತು ವರ್ಷದಲ್ಲಿ ಆತ್ಮಹತ್ಯೆಯ ಪ್ರಮಾಣ ನೂರಕ್ಕೆ ಎಪ್ಪತ್ತರಷ್ಟು ಇಳಿಯಿತು. ಉಳಿದ ಜೀವಗಳು ಅಂದಾಜು 93,000. ಅದೇ ದೇಶದ 180 ಹಳ್ಳಿಗಳ ಐವತ್ತು ಸಾವಿರಕ್ಕೂ ಹೆಚ್ಚು ಮನೆಗಳನ್ನು ಆರಿಸಿ, ಅರ್ಧದಷ್ಟು ಹಳ್ಳಿಗಳಿಗೆ ಕೀಟನಾಶಕ ಇಡಲು ಬೀಗದ ಪೆಟ್ಟಿಗೆ ಕೊಟ್ಟು ನೋಡಿದರು. ಕೇಳಲು ಎಷ್ಟು ಸರಿಯಾದ ಉಪಾಯ! ಪೆಟ್ಟಿಗೆ ಸಿಕ್ಕ ಹಳ್ಳಿಗೂ ಸಿಗದ ಹಳ್ಳಿಗೂ ವ್ಯತ್ಯಾಸ ಕಾಣಲಿಲ್ಲ. ಮನಸ್ಸಿಗೆ ಸರಿ ಎನಿಸುವ ಮುನ್ನೆಚ್ಚರಿಕೆ ಬೇರೆ, ಜೀವ ಉಳಿಸುವ ಮುನ್ನೆಚ್ಚರಿಕೆ ಬೇರೆ ಎಂದು ತೋರಿಸಿಕೊಡಲು ಸಂಖ್ಯೆಗಳೇ ಬೇಕು. ವಿಷವನ್ನು ಮನೆಗೆ ತಂದು ದಾಸ್ತಾನು ಮಾಡದಿರುವುದೇ ಇಲ್ಲಿ ಕಲಿಯಬೇಕಾದದ್ದು. ಮನಸ್ಸು ಕುಸಿದವರಿಗೆ ಟೆಲಿ ಮನಸ್ ಸಹಾಯವಾಣಿ 14416 ಹಗಲು ರಾತ್ರಿ ತೆರೆದಿರುತ್ತದೆ. ಆ ಐದು ಅಂಕಿಗಳು ಪ್ರತಿ ಮನೆಯ ಗೋಡೆಯ ಮೇಲಿರಲಿ.

ಗುಣಾಕಾರ ನಮ್ಮ ವೈರಿ ಮಾತ್ರವಲ್ಲ. ಅಪಾಯ ಹೇಗೆ ಸಲದಿಂದ ಸಲಕ್ಕೆ ಬೆಳೆಯುತ್ತದೋ ಎಚ್ಚರವೂ ಹಾಗೆಯೇ ಬೆಳೆಯುತ್ತದೆ. ಹೆಲ್ಮೆಟ್ ಬೈಕ್ ಸವಾರರ ಸಾವಿನ ಸಾಧ್ಯತೆಯನ್ನು ನೂರಕ್ಕೆ 42ರಷ್ಟು ತಗ್ಗಿಸುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದವರು ಕಂಡುಕೊಂಡಿದ್ದಾರೆ. 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029. ಇವರೆಲ್ಲ ಹೆಲ್ಮೆಟ್ ಹಾಕಿದ್ದರೆ ಅಂದಾಜು 21,000 ಮಂದಿ ಆ ವರ್ಷ ಮನೆಗೆ ಮರಳುತ್ತಿದ್ದರು. ಹಾಕಿಕೊಳ್ಳಲು ಬೇಕಾದ ಸಮಯ ಐದು ಸೆಕೆಂಡು. ದೇಶದಲ್ಲಿ ವರ್ಷಕ್ಕೆ ಹನ್ನೆರಡು ಸಾವಿರಕ್ಕೂ ಹೆಚ್ಚು ಜನ ವಿದ್ಯುತ್ ಆಘಾತದಿಂದ ಸಾಯುತ್ತಾರೆ. ಮೀಟರಿನ ಪಕ್ಕ, ಪಂಪ್ ಶೆಡ್ಡಿನಲ್ಲಿ ಕೂರಿಸುವ ಆರ್.ಸಿ.ಸಿ.ಬಿ. 30 ಮಿಲಿಆಂಪಿಯರ್ ಸೋರಿದೊಡನೆ ಕಣ್ಣು ಮಿಟುಕಿಸುವಷ್ಟರಲ್ಲಿ ಕರೆಂಟು ಕಡಿಯುತ್ತದೆ. ಕೈಯಲ್ಲಿ ಹಿಡಿಯುವ ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಎಷ್ಟೋ ಮಂದಿ ನೆಲದಲ್ಲಿ ನಿಂತೇ ಮದ್ದು ಬಿಡುತ್ತಿದ್ದಾರೆ, ಅಡಿಕೆ ತೆಗೆಯುತ್ತಿದ್ದಾರೆ; ಆ ದೋಟಿ ವಿದ್ಯುತ್ ತಂತಿಯ ಹತ್ತಿರ ಸುಳಿಯಬಾರದು, ಅಷ್ಟೇ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ಟಿದರೆ ಅಪಘಾತದ ಸಾವಿಗೆ 2 ಲಕ್ಷ ರೂಪಾಯಿ ಸಿಗುತ್ತದೆ. ತೋಟಕ್ಕೆ ಕೆಲಸಕ್ಕೆ ಬರುವ ಪ್ರತಿಯೊಬ್ಬರ ಹೆಸರಿನಲ್ಲಿ ಇಷ್ಟು ಕಟ್ಟಿಸುವುದು ಧಣಿಗಳಾದವರ ಔದಾರ್ಯವಲ್ಲ, ಕರ್ತವ್ಯ.

ನಮ್ಮ ಗ್ರಾಮ ಪಂಚಾಯತುಗಳ ಮುಂದೆ ನನ್ನದೊಂದು ಬೇಡಿಕೆಯಿದೆ. ಕಳೆದ ಹತ್ತು ವರ್ಷಗಳಲ್ಲಿ ಈ ಗ್ರಾಮದಲ್ಲಿ ಅಕಾಲದಲ್ಲಿ ಸತ್ತವರೆಷ್ಟು, ಯಾವುದರಿಂದ ಎಂಬ ಪಟ್ಟಿಯನ್ನು, ಹೆಸರು ಬೇಡ, ಸಂಖ್ಯೆ ಸಾಕು, ಗ್ರಾಮಸಭೆಯಲ್ಲಿ ಓದಿ ಹೇಳಲಿ: ರಸ್ತೆ, ಮರ, ಕೆರೆ, ಹೊಳೆ, ಹಾವು, ಕರೆಂಟು, ವಿಷ, ಸಿಡಿಲು, ಆನೆ. ಅದರ ಪಕ್ಕದಲ್ಲಿ ಊರು ಯಾವುದಕ್ಕೆ ಹೆಚ್ಚು ಹೆದರುತ್ತದೆ, ಯಾವುದಕ್ಕೆ ಹಣ ಖರ್ಚು ಮಾಡಿದೆ ಎಂಬ ಪಟ್ಟಿಯನ್ನೂ ಇಡಲಿ. ಎರಡೂ ಪಟ್ಟಿಗಳ ಸಾಲು ಒಂದೇ ಆಗಿದ್ದರೆ ಸಂತೋಷ. ಬೇರೆ ಬೇರೆಯಾಗಿದ್ದರೆ, ಮುಂದಿನ ವರ್ಷದ ಹಣವನ್ನು ಮೊದಲನೆಯ ಪಟ್ಟಿಯ ಮೊದಲ ಸಾಲಿಗೆ ಇಡಲಿ.